ಸಂಕಟ ಅಂದರೆ ಡಾಕ್ಟರಿಗೆ ಏನಂತ ಹೇಳೋದು

ಅವತ್ತು ನಾನು ಒಂದು ಮಾತೂ ಆಡದೆ ಸಂಬಳ ತೆಗೆದುಕೊಂಡು ಬಂದೆ. ಎಷ್ಟೋ ವರ್ಷ ಆಯಿತು, ಆದರೂ ಅದು ಮನಸ್ಸಿನಲ್ಲಿ ಚುಚ್ಚುತ್ತಲೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನಿರುವುದು ಇಂಗ್ಲೆಂಡಿನಲ್ಲಿ, ಮಾಡುವುದು ದುಭಾಷಿ ಕೆಲಸ. ಇಂಗ್ಲಿಷ್ ಬಾರದವರು ಡಾಕ್ಟರ ಹತ್ತಿರ ಹೋದಾಗ ಪಕ್ಕದಲ್ಲಿ ಕೂತು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ದಾಟಿಸುತ್ತೇನೆ. ಇಲ್ಲಿ ಜಾಸ್ತಿ ಬೇಕಾಗುವುದು ಪಂಜಾಬಿ, ಉರ್ದು, ಗುಜರಾತಿ, ಬಾಂಗ್ಲಾದವರ ಸಿಲ್ಹೆಟಿ. ಕನ್ನಡಕ್ಕೆ ಕರೆ ಬರುವುದು ಅಪರೂಪ. ಬಂದರೆ ಬಹುತೇಕ ಡಿಪೆಂಡೆಂಟ್ ವೀಸಾದಲ್ಲಿ ಗಂಡನ ಜೊತೆ ಬಂದ ಹೆಣ್ಣುಮಕ್ಕಳಿಗೆ, ಇಲ್ಲಾ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಬಂದ ಅಜ್ಜಿಯರಿಗೆ. (ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಾಕ್ಟರ ಕೋಣೆಯ ಮಾತು ಹೊರಗೆ ಆಡಬಾರದು, ಆಡುವುದೂ ಇಲ್ಲ. ಇಲ್ಲಿರುವುದು ಒಬ್ಬಳ ಕಥೆಯಲ್ಲ. ಊರು, ವಯಸ್ಸು, ಮನೆ ವಿವರ ಎಲ್ಲ ಬದಲಿಸಿದ್ದೇನೆ, ಒಂದಕ್ಕೊಂದು ಬೆರೆಸಿದ್ದೇನೆ.)

ಜುಲೈ ತಿಂಗಳು. ಕಾಯುವ ಕೋಣೆಯಲ್ಲಿ ಗಂಡ ಹೆಂಡತಿ ಕೂತಿದ್ದರು. ಅವಳು ದುಪಟ್ಟಾವನ್ನು ಕುತ್ತಿಗೆಗೆ ಎರಡು ಸುತ್ತು ಸುತ್ತಿಕೊಂಡಿದ್ದಳು. ನಾನು ಹೋಗಿ ಪರಿಚಯ ಹೇಳಿಕೊಂಡೆ. "ನಮಸ್ಕಾರ ಅಕ್ಕಾ" ಅಂದಳು. ಧ್ವನಿ ಒಡೆದು ಹೋಗಿತ್ತು. ಶೀತ ಆಗಿರಬೇಕು ಅಂದುಕೊಂಡೆ. ಗಂಡ ನಗುನಗುತ್ತಲೇ, "ಅಯ್ಯೋ ಮೇಡಂ, ಸುಮ್ನೆ ನಿಮಗ್ಯಾಕೆ ತೊಂದರೆ, ನಾನೇ ಇದ್ದೀನಲ್ಲ, ನಾನೇ ಹೇಳ್ತೀನಿ" ಅಂದರು. ಡಾಕ್ಟರಿಗೂ ಅದೇ ಅನುಕೂಲ ಅನಿಸಿತೇನೋ. ಒಬ್ಬ ರೋಗಿಗೆ ಹತ್ತು ನಿಮಿಷ, ಅದರಲ್ಲಿ ಒಂದೊಂದು ಮಾತನ್ನೂ ಎರಡೆರಡು ಸಲ ಆಡುವುದು ಅಂದರೆ ಕಷ್ಟ. ಗಂಡನ ಇಂಗ್ಲಿಷ್ ನೀರು ಕುಡಿದ ಹಾಗೆ. ಸರಿ ಅಂದುಬಿಟ್ಟರು. ನಾನು ಹೊರಗೇ ಉಳಿದೆ. ಬಾಗಿಲು ದಾಟುವಾಗ ಅವಳು ಒಮ್ಮೆ ತಿರುಗಿ ನನ್ನ ಮುಖ ನೋಡಿದಳು.

ಏಳು ನಿಮಿಷಕ್ಕೆ ಹೊರಗೆ ಬಂದರು. ತಲೆನೋವಿಗೆ ಮಾತ್ರೆ ಬರೆಸಿಕೊಂಡಿದ್ದರು. ನನ್ನ ಹಾಳೆಗೆ ಸಹಿ ಬಿತ್ತು, ಸಂಬಳವೂ ಬಂತು.

ಸ್ವಲ್ಪ ಕಾಲ ಆದಮೇಲೆ ನಮಗೆ ಒಂದು ತರಬೇತಿ ಇತ್ತು. ಅಲ್ಲಿ ಒಬ್ಬ ನರ್ಸ್ ಕುತ್ತಿಗೆ ಹಿಸುಕುವುದರ ಬಗ್ಗೆ ಮಾತಾಡಿದರು. ಕುತ್ತಿಗೆ ಹಿಸುಕಿದರೆ ಎಷ್ಟೋ ಸಲ ಹೊರಗೆ ಒಂದು ಗುರುತೂ ಇರುವುದಿಲ್ಲವಂತೆ. ಇರುವುದು ಬೇರೆ ಲಕ್ಷಣ. ಧ್ವನಿ ಒಡೆಯುತ್ತದೆ. ಉಗುಳು ನುಂಗಲು ಕಷ್ಟ. ತಲೆನೋವು, ಕಣ್ಣಿನ ಬಿಳಿಯಲ್ಲಿ ಸಣ್ಣ ಕೆಂಪು ಚುಕ್ಕಿ, ಆ ಹೊತ್ತಿನ ನೆನಪೇ ಮಸುಕು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದ್ದರೆ ದಿನಗಳಾದ ಮೇಲೂ ಪಾರ್ಶ್ವವಾಯು ಹೊಡೆಯಬಹುದು, ಅದೂ ಮೂವತ್ತು ವರ್ಷದವಳಿಗೆ. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಕೊಲ್ಲುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಜಾಸ್ತಿ. ಇಂಗ್ಲೆಂಡು ಮತ್ತು ವೇಲ್ಸ್‌ನಲ್ಲಿ ಇದನ್ನು 2022ರ ಜೂನ್‌ನಿಂದ ಬೇರೆಯೇ ಅಪರಾಧ ಅಂತ ಮಾಡಿದ್ದಾರೆ, ಐದು ವರ್ಷದವರೆಗೆ ಜೈಲು. ಅವರು ಹೇಳುತ್ತಾ ಹೋದ ಹಾಗೆ ನನಗೆ ಆ ದುಪಟ್ಟಾ ಕಣ್ಣ ಮುಂದೆ ಬಂತು, ಆ ಒಡಕು ಧ್ವನಿ ಕಿವಿಗೆ ಬಂತು. ಅವಳಿಗೆ ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನಿಜಕ್ಕೂ ಶೀತವೇ ಇದ್ದಿರಬಹುದು. ಆದರೆ ಕೇಳಿ ತಿಳಿಯುವ ಜಾಗದಲ್ಲಿ ಕೇಳುವವರೇ ಇರಲಿಲ್ಲ. ಕೇಳಿದ್ದರೂ ಪ್ರಶ್ನೆ ಗಂಡನ ಕಿವಿಗೆ ಬೀಳುತ್ತಿತ್ತು, ಉತ್ತರ ಗಂಡನ ಬಾಯಿಂದಲೇ ಬರುತ್ತಿತ್ತು.

ಗಂಡ ಹೊಡೆಯುತ್ತಾನೆ ಅಂತ ಹೇಳಿಕೊಂಡು ಯಾರೂ ಡಾಕ್ಟರ ಹತ್ತಿರ ಬರುವುದಿಲ್ಲ. ಇಷ್ಟು ವರ್ಷದಲ್ಲಿ ನಾನು ಒಬ್ಬರನ್ನೂ ನೋಡಿಲ್ಲ. ಬರುವುದು ತಲೆ ಸಿಡಿಯುತ್ತೆ ಅಂತ, ನಿದ್ದೆ ಬರಲ್ಲ ಅಂತ, ಸುಸ್ತು ಅಂತ, ಹೊಟ್ಟೆ ಉರಿ ಅಂತ, ಮುಟ್ಟು ಸರಿಯಿಲ್ಲ ಅಂತ, ಉರಿಮೂತ್ರ ಪದೇಪದೇ ಆಗುತ್ತೆ ಅಂತ. ಸಕ್ಕರೆ ಕಾಯಿಲೆ ಇದ್ದವಳಿಗೆ ಸಕ್ಕರೆ ಹಿಡಿತಕ್ಕೇ ಬರುವುದಿಲ್ಲ. ಊಟ ಯಾವಾಗ, ಏನು ಅಂತ ಅವಳ ಕೈಯಲ್ಲಿ ಇದ್ದರೆ ತಾನೆ? ಡಾಕ್ಟರು ಪ್ರತಿಯೊಂದಕ್ಕೂ ಒಂದೊಂದು ಮಾತ್ರೆ ಬರೆಯುತ್ತಾರೆ, ರಕ್ತ ಪರೀಕ್ಷೆ ಮಾಡಿಸುತ್ತಾರೆ, ರಿಪೋರ್ಟ್ ನಾರ್ಮಲ್ ಬರುತ್ತದೆ. ಗಂಡನ ಏಟು ತಿನ್ನುವ ಹೆಂಗಸರಿಗೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚುಕಡಿಮೆ ಎರಡು ಪಟ್ಟು ಅಂತ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಅವರಿಗೆ ಹುಟ್ಟುವ ಮಕ್ಕಳ ತೂಕ ಕಡಿಮೆ ಇರುವ ಸಾಧ್ಯತೆಯೂ ಜಾಸ್ತಿ. ಮೂಳೆ ಮುರಿದರೆ ಎಕ್ಸ್‌ರೇ ಹೇಳುತ್ತದೆ. ಮಿಕ್ಕಿದ್ದನ್ನೆಲ್ಲ ಮಾತೇ ಹೇಳಬೇಕು.

ಮಾತು ಅಂದೆ ನೋಡಿ, ನನ್ನ ಕೆಲಸದಲ್ಲಿ ಅತಿ ಕಷ್ಟದ ಪದ ಯಾವುದು ಗೊತ್ತಾ? ಸಂಕಟ. "ಊಟ ಮಾಡಕ್ಕಾಗಲ್ಲ, ಸಂಕಟ ಆಗುತ್ತೆ" ಅಂತಾಳೆ ಒಬ್ಬಳು. ಅದನ್ನು ವಾಕರಿಕೆ ಅಂತ ದಾಟಿಸಿದರೆ ವಾಂತಿಯ ಮಾತ್ರೆ ಸಿಗುತ್ತದೆ. ಮನಸ್ಸಿನ ನೋವು ಅಂತ ದಾಟಿಸಿದರೆ ಇನ್ನೇನೋ ಸಿಗುತ್ತದೆ. ಅವಳು ಹೇಳಿದ್ದು ಎರಡನ್ನೂ. ನಮ್ಮ ಭಾಷೆಯಲ್ಲಿ ಹೊಟ್ಟೆಗೂ ಮನಸ್ಸಿಗೂ ನಡುವೆ ಗೋಡೆ ಇಲ್ಲ. ಎದೆ ಭಾರ, ಜೀವ ಬೇಜಾರು, ಕೈಕಾಲು ಸೋತು ಹೋಗೋದು, ಎಲ್ಲವೂ ಹಾಗೆಯೇ. ಅದಕ್ಕೆ ನಾನೀಗ ಅನುಮಾನ ಬಂದರೆ ಡಾಕ್ಟರಿಗೆ ನೇರವಾಗಿ ಹೇಳುತ್ತೇನೆ, ಈ ಪದಕ್ಕೆ ಎರಡು ಅರ್ಥ ಇದೆ, ಯಾವುದು ಅಂತ ನೀವೇ ಅವರನ್ನು ಕೇಳಿ ಅಂತ. ದುಭಾಷಿಗೆ ಅಷ್ಟು ಹೇಳುವ ಹಕ್ಕಿದೆ. ಗಂಡ ದುಭಾಷಿಯಾದರೆ ಸಂಕಟ ಅನ್ನುವುದು ಬರೀ ಗ್ಯಾಸ್ಟ್ರಿಕ್ ಆಗುತ್ತದೆ.

ಇನ್ನೊಂದು ದಿನದ್ದು ಹೇಳುತ್ತೇನೆ. ಇಲ್ಲಿ 25 ವರ್ಷದಿಂದ 64 ವರ್ಷದವರೆಗಿನ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಪತ್ರ ಬರುತ್ತದೆ. ಆ ತಪಾಸಣೆಗೆ ಗಂಡ ಒಳಗೆ ಬರುವುದಿಲ್ಲ. ಹಾಗಾಗಿ ಎಷ್ಟೋ ಹೆಣ್ಣುಮಕ್ಕಳು ಈ ದೇಶದಲ್ಲಿ ಮೊದಲ ಸಲ ಒಬ್ಬರೇ ಒಂದು ಕೋಣೆಯಲ್ಲಿ ಇರುವುದು ಅಲ್ಲೇ. ಅವತ್ತಿನ ನರ್ಸ್ ಐವತ್ತು ದಾಟಿದವರು, ಅವಸರ ಇಲ್ಲದವರು. ಬಾಗಿಲು ಹಾಕಿದರು, ಪರದೆ ಎಳೆದರು. ಪರೀಕ್ಷೆ ಶುರು ಮಾಡುವ ಮೊದಲೇ, ಇದನ್ನು ನಾನು ಬಂದವರನ್ನೆಲ್ಲ ಕೇಳುತ್ತೇನೆ ಅಂತ ಹೇಳಿ ನಾಲ್ಕು ಪ್ರಶ್ನೆ ಕೇಳಿದರು. ಈ ನಾಲ್ಕು ಪ್ರಶ್ನೆ ಇಲ್ಲಿನ ಡಾಕ್ಟರುಗಳಿಗೆ, ನರ್ಸುಗಳಿಗೆ ಗೊತ್ತಿರುವಂಥದ್ದೇ. ಹೋದ ಒಂದು ವರ್ಷದಲ್ಲಿ ನಿಮ್ಮ ಜೊತೆಗಾರ ನಿಮ್ಮನ್ನು ಹೀಯಾಳಿಸಿದ್ದಾರಾ, ಅವರನ್ನು ಕಂಡರೆ ನಿಮಗೆ ಭಯವಾ, ಇಷ್ಟವಿಲ್ಲದಿದ್ದರೂ ಮೈಮೇಲೆ ಬಲವಂತ ಮಾಡಿದ್ದಾರಾ, ಒದೆಯುವುದು ಹೊಡೆಯುವುದು ಮಾಡಿದ್ದಾರಾ.

ನಾಲ್ಕನ್ನೂ ಕನ್ನಡಕ್ಕೆ ತರಬೇಕಲ್ಲ. ಹಿಂಸೆ ಅಂದರೆ ಪೇಪರಿನ ಭಾಷೆ, ಅದು ನಮ್ಮ ಮನೆಯದ್ದಲ್ಲ ಅಂತ ಅನಿಸಿಬಿಡುತ್ತದೆ. ಜೊತೆಗಾರ ಅನ್ನುವ ಪದ ಯಾರ ಮನೆಯಲ್ಲೂ ಇಲ್ಲ. "ನಿಮ್ಮ ಮನೆಯವರು" ಅಂದೆ. ಮೊದಲನೆಯದಕ್ಕೆ ಅವಳು ಸಣ್ಣಗೆ ನಕ್ಕಳು, "ಅದೆಲ್ಲ ಇದ್ದಿದ್ದೇ ಅಲ್ವಾ ಅಕ್ಕ" ಅಂದಳು. ಎರಡನೆಯದಕ್ಕೆ ಸುಮ್ಮನಾದಳು. ಮೂರನೆಯದಕ್ಕೆ ಹೇಳಿದ್ದು ಒಂದೇ ಮಾತು, "ಬೇಡ ಅಂದ್ರೂ ಬಿಡಲ್ಲ." ನಾಲ್ಕನೆಯದಕ್ಕೆ, "ಒಂದೊಂದ್ಸಲ ಕೈ ಮಾಡ್ತಾರೆ."

ಕೈ ಮಾಡ್ತಾರೆ. ನಾವು ಕನ್ನಡದವರು ಏಟನ್ನು ಎಷ್ಟು ಮೆತ್ತಗೆ ಮಾಡಿ ಇಟ್ಟುಕೊಂಡಿದ್ದೇವೆ ನೋಡಿ. ನಾನು ಅದನ್ನು ನರ್ಸಿಗೆ ಹೊಡೆಯುತ್ತಾರೆ ಅಂತಲೇ ಹೇಳಿದೆ. ಅದರ ಅರ್ಥ ಅದೇ. ಹೇಳುವಾಗ ನನ್ನ ಗಂಟಲು ಒಣಗಿತ್ತು. ನರ್ಸ್ ಗಾಬರಿ ಆಗಲಿಲ್ಲ, ಅಯ್ಯೋ ಅನ್ನಲಿಲ್ಲ. ಇದು ನಿಮ್ಮ ತಪ್ಪಲ್ಲ ಅಂದರು, ಇವತ್ತು ಮನೆಗೆ ಹೋಗಲು ಭಯ ಇದೆಯಾ ಅಂತ ಕೇಳಿದರು. ಅಷ್ಟೇ. ಆಮೇಲೆ ಅವಳು ಇಪ್ಪತ್ತು ನಿಮಿಷ ಮಾತಾಡಿದಳು. ತಪಾಸಣೆ ಬೇರೆ ದಿನಕ್ಕೆ ಹೋಯಿತು.

ಕೇಳಿದರೆ ಹೇಳುತ್ತಾರಾ ಅಂತ ಅನುಮಾನ ಇರುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಲಂಡನ್ನಿನ ಹ್ಯಾಕ್ನಿ ಮತ್ತು ಬ್ರಿಸ್ಟಲ್‌ನಲ್ಲಿ ಐರಿಸ್ ಅಂತ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 24 ಜಿಪಿ (ಯಾವ ಕಾಯಿಲೆಗಾದರೂ ಮೊದಲು ನೋಡುವ ಸಾಮಾನ್ಯ ಡಾಕ್ಟರು) ಕ್ಲಿನಿಕ್ಕುಗಳ ಸಿಬ್ಬಂದಿಗೆ ತರಬೇತಿ ಕೊಟ್ಟು, ಹೇಗೆ ಕೇಳಬೇಕು ಅಂತ ಹೇಳಿಕೊಟ್ಟು, ಕೇಳಿದ ಮೇಲೆ ಕಳಿಸಲು ಒಬ್ಬ ಸಹಾಯಕಿಯನ್ನೂ ಕೊಟ್ಟರು. ಇನ್ನು 24 ಕ್ಲಿನಿಕ್ಕುಗಳು ಎಂದಿನಂತೆ ನಡೆದವು. ಒಂದು ವರ್ಷದಲ್ಲಿ ತರಬೇತಿ ಪಡೆದ ಕಡೆಯಿಂದ ಸಹಾಯಕ್ಕೆ ಕಳಿಸಿದ್ದು 223 ಸಲ. ಉಳಿದ ಕಡೆಯಿಂದ 12. ಅಲ್ಲೂ ಅಂಥದ್ದೇ ಹೆಂಗಸರು, ಅದೇ ಊರುಗಳು. ವ್ಯತ್ಯಾಸ ಎಲ್ಲ ಕೇಳುವವರಲ್ಲಿ. ಈ ಲೆಕ್ಕ ಓದಿದ ಮೇಲೆ "ನಮ್ಮ ಹೆಣ್ಣುಮಕ್ಕಳು ಬಾಯಿ ಬಿಡಲ್ಲ" ಅನ್ನುವ ಮಾತನ್ನು ನಾನು ಒಪ್ಪುವುದನ್ನು ಬಿಟ್ಟೆ.

ಹಾಗಂತ ಬಾಯಿ ಬಿಡುವುದು ಸುಲಭ ಅಂತಲೂ ಅಲ್ಲ. ಇಲ್ಲಿಗೆ ಮದುವೆಯಾಗಿ ಬಂದವಳ ವೀಸಾ ಗಂಡನ ವೀಸಾಕ್ಕೆ ಅಂಟಿಕೊಂಡಿರುತ್ತದೆ. ಬಹಳಷ್ಟು ವೀಸಾಗಳ ಮೇಲೆ ಒಂದು ಷರತ್ತು ಇರುತ್ತದೆ, ಸರ್ಕಾರದ ದುಡ್ಡಿನ ನೆರವು ಸಿಗುವುದಿಲ್ಲ ಅಂತ. ಹಾಗಾಗಿ ಎಷ್ಟೋ ಆಶ್ರಯ ಮನೆಗಳು ಅವಳನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತವೆ, ಬಾಡಿಗೆ ಕೊಡುವವರು ಯಾರು ಅಂತ. ಇದು ಗಂಡನಿಗೆ ಚೆನ್ನಾಗಿ ಗೊತ್ತು. "ಬಾಯಿ ತೆಗೆದರೆ ನಾಳೆನೇ ಫ್ಲೈಟ್ ಹತ್ತಿಸ್ತೀನಿ" ಅಂದರೆ ಸಾಕು, ಕೈ ಎತ್ತಬೇಕಾಗೂ ಇಲ್ಲ. ಇನ್ನು ಕೆಲವರು ರಜೆ ಅಂತ ಊರಿಗೆ ಕರೆದುಕೊಂಡು ಹೋಗಿ, ಪಾಸ್‌ಪೋರ್ಟ್ ಇಟ್ಟುಕೊಂಡು, ಅವಳನ್ನು ಅಲ್ಲೇ ಬಿಟ್ಟು ಬಂದುಬಿಡುತ್ತಾರೆ. ಇಂಗ್ಲೆಂಡಿನ ಕುಟುಂಬ ನ್ಯಾಯಾಲಯಗಳು ಇದನ್ನೂ ದೌರ್ಜನ್ಯ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ.

ಮಾತಾಡಲು ಆಗದಿದ್ದರೆ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಕಿರಣ್‌ಜಿತ್ ಅಹ್ಲುವಾಲಿಯಾ ಅವರ ಪ್ರಕರಣ ಇದೆ. ಪಂಜಾಬಿನಿಂದ ಬಂದವರು, ಹತ್ತು ವರ್ಷ ಗಂಡನ ಹೊಡೆತ ತಿಂದವರು. 1989ರಲ್ಲಿ ಮಲಗಿದ್ದ ಗಂಡನಿಗೆ ಬೆಂಕಿ ಹಚ್ಚಿದರು, ಅವನು ಸತ್ತ, ಕೊಲೆಗಾಗಿ ಜೀವಾವಧಿ ಶಿಕ್ಷೆಯಾಯಿತು. ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ನನ್ನನ್ನು ನಿದ್ದೆಗೆಡಿಸಿದ್ದು ಬೇರೆ ವಿಷಯ. ಆ ಮೊದಲ ವಿಚಾರಣೆಯಲ್ಲಿ ಅವರು ಸಾಕ್ಷಿ ಕಟ್ಟೆ ಹತ್ತಿ ಮಾತಾಡಲೇ ಇಲ್ಲ. ಅವರ ಮನಸ್ಸಿನ ಸ್ಥಿತಿ ಏನಾಗಿತ್ತು ಅಂತ ಅವರ ಪರವಾಗಿ ಯಾವ ವೈದ್ಯಕೀಯ ಸಾಕ್ಷ್ಯವೂ ಬರಲಿಲ್ಲ. ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್ ಅನ್ನುವ ಸಂಘಟನೆ ಅವರ ಬೆನ್ನಿಗೆ ನಿಂತಿತು. 1979ರಲ್ಲಿ ಏಷ್ಯಾ, ಆಫ್ರಿಕಾ, ಕೆರಿಬಿಯನ್ ಮೂಲದ ಹೆಂಗಸರು ಸೇರಿ ಕಟ್ಟಿದ್ದು ಅದು. ಅವರು ಹೋರಾಡಿದ ಮೇಲೆ 1992ರ ಅಪೀಲಿನಲ್ಲಿ ಆಕೆಯ ತೀವ್ರ ಖಿನ್ನತೆಯ ವೈದ್ಯಕೀಯ ವರದಿ ನ್ಯಾಯಾಲಯದ ಮುಂದೆ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾಯಿತು. ಆಕೆಯ ಕಾಯಿಲೆ ಮೂರು ವರ್ಷ ಮೊದಲೂ ಅಲ್ಲೇ ಇತ್ತು.

ಇದು ಇಲ್ಲಿ ವಲಸೆ ಬಂದ ಬಡ ಹೆಂಗಸರ ಕಥೆ, ನಮ್ಮದಲ್ಲ ಅಂದುಕೊಳ್ಳಬೇಡಿ. ಕರ್ನಾಟಕದ್ದೇ ಲೆಕ್ಕ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ಗಂಡನ ದೌರ್ಜನ್ಯ ಅನುಭವಿಸಿದ್ದೇನೆ ಅಂದವರು ದೇಶದಲ್ಲಿ 29.3%. ಕರ್ನಾಟಕದಲ್ಲಿ 44.4%. ಮೊದಲ ಸಲ ಓದಿದಾಗ ಅಚ್ಚಿನ ತಪ್ಪು ಅಂದುಕೊಂಡೆ. ಅದೇ ಸಮೀಕ್ಷೆಯಲ್ಲಿ, ದೇಶದಾದ್ಯಂತ ಏಟು ತಿಂದವರಲ್ಲಿ ಸುಮಾರು 77% ಹೆಂಗಸರು ಅದನ್ನು ಯಾರಿಗೂ ಹೇಳಿಯೇ ಇಲ್ಲ, ಸಹಾಯವನ್ನೂ ಕೇಳಿಲ್ಲ. ನಮ್ಮ ಹುಡುಗರು ಹುಡುಗಿಯರು ವಿಮಾನ ಹತ್ತುವಾಗ ಇದನ್ನು ಬೆಂಗಳೂರು ಏರ್‌ಪೋರ್ಟಿನಲ್ಲಿ ಬಿಟ್ಟು ಬರುವುದಿಲ್ಲ. ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿ ಜೊತೆ "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅನ್ನುವುದೂ ಬರುತ್ತದೆ. ಈ ಗಾದೆ ನನಗೆ ಕೇಳಲೂ ಆಗುವುದಿಲ್ಲ. ಎಷ್ಟೋ ಮನೆಯಲ್ಲಿ ಶುರುವಾಗುವುದೇ ಉಂಡು ಮಲಗಿದ ಮೇಲೆ. ಮೇಲೆ ಹೇಳಿದ ಆ ಮೂರನೇ ಪ್ರಶ್ನೆ, ಅದಕ್ಕೆ ಇಂಗ್ಲೆಂಡಿನಲ್ಲಿ 1991ರಿಂದ ಗಂಡ ಅನ್ನುವ ರಿಯಾಯಿತಿ ಇಲ್ಲ, ಹೆಂಡತಿ ಬೇಡ ಅಂದರೆ ಬೇಡ. ನಮ್ಮಲ್ಲಿ 2022ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಬ್ಬ ಗಂಡನ ಮೇಲಿನ ಅತ್ಯಾಚಾರದ ಆರೋಪ ರದ್ದು ಮಾಡಲು ಒಪ್ಪಲಿಲ್ಲ, ಆಮೇಲೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಲ್ಲಿಂದ ಇಲ್ಲಿಗೆ ಬಂದ ಹುಡುಗಿಗೆ ತನಗೆ ಆಗುತ್ತಿರುವುದು ತಪ್ಪು ಅಂತ ಹೇಳಿಕೊಟ್ಟವರಾದರೂ ಯಾರು?

ಒಂದು ಭಯದ ಬಗ್ಗೆ ಹೇಳಲೇಬೇಕು. ಕನ್ನಡ ದುಭಾಷಿ ಬೇಡ ಅನ್ನುವ ಹೆಂಗಸರೂ ಇದ್ದಾರೆ. ಒಬ್ಬಳು ನನ್ನನ್ನು ನೋಡಿದ ತಕ್ಷಣ ಕೇಳಿದ್ದು, "ನೀವು ಇಲ್ಲಿನ ವಾಟ್ಸಾಪ್ ಗ್ರೂಪಲ್ಲಿ ಇದ್ದೀರಾ?" ಯುಗಾದಿ, ರಾಜ್ಯೋತ್ಸವ, ಯಾರದೋ ಮನೆ ಸತ್ಯನಾರಾಯಣ ಪೂಜೆ, ಎಲ್ಲ ಕಡೆ ಅದೇ ಇಪ್ಪತ್ತು ಕುಟುಂಬ. ಒಬ್ಬರಿಗೆ ಗೊತ್ತಾದರೆ ಸಂಜೆಗೆ ದಾವಣಗೆರೆಯ ಅತ್ತೆಗೆ ಫೋನು. ಅವಳ ಭಯ ಸುಳ್ಳಲ್ಲ. ನನಗೆ ಬೇಜಾರಾಗಲಿಲ್ಲ, ಎದ್ದು ಹೋದೆ. ಫೋನಿನಲ್ಲಿ ಬೇರೆ ಊರಿನ ದುಭಾಷಿಯನ್ನು ಹಿಡಿದರು. ಹಾಗೆ ಕೇಳಬಹುದು. ಹೆಂಗಸೇ ಬೇಕು ಅಂತ ಕೇಳಬಹುದು, ಫೋನಿನಲ್ಲೇ ಸಾಕು, ನನ್ನ ಹೆಸರು ಹೇಳಬೇಡಿ ಅಂತಲೂ ಕೇಳಬಹುದು.

ಇದನ್ನು ಓದುತ್ತಿರುವ ಯಾರಿಗಾದರೂ, ಇಲ್ಲಾ ಅವರ ಅಕ್ಕನಿಗೋ ತಂಗಿಗೋ ಬೇಕಾದೀತು ಅಂತ ಗೊತ್ತಿದ್ದಷ್ಟು ಬರೆಯುತ್ತೇನೆ. ಇಂಗ್ಲೆಂಡಿನಲ್ಲಿ ಜಿಪಿ ಹತ್ತಿರ ಹೆಸರು ಬರೆಸಲು ವೀಸಾ ತೋರಿಸಬೇಕಾಗಿಲ್ಲ. ದುಭಾಷಿಗೆ ನೀವು ದುಡ್ಡು ಕೊಡಬೇಕಾಗಿಲ್ಲ. ಮನೆಯವರನ್ನು ದುಭಾಷಿ ಮಾಡಿಕೊಳ್ಳಬಾರದು ಅಂತ ಡಾಕ್ಟರುಗಳಿಗೇ ಸೂಚನೆ ಇದೆ. ಗಂಡನ ಏಟಿನಿಂದ ಆದ ಗಾಯಕ್ಕೆ, ಮನಸ್ಸಿನ ಕಾಯಿಲೆಗೆ ಆಸ್ಪತ್ರೆಯ ಬಿಲ್ ಹಾಕುವುದಿಲ್ಲ, ವೀಸಾ ಯಾವುದೇ ಇರಲಿ. ಗಂಡನ ಎದುರು ಏನೂ ಹೇಳಲಾಗದಿದ್ದರೆ ತಪಾಸಣೆ ನರ್ಸ್ ಹತ್ತಿರ, ಗರ್ಭಿಣಿಯಾಗಿದ್ದರೆ ಸೂಲಗಿತ್ತಿ ನರ್ಸ್ ಹತ್ತಿರ "ಒಬ್ಬಳೇ ಮಾತಾಡಬೇಕು" ಅನ್ನುವ ಒಂದು ಮಾತನ್ನು ಇಂಗ್ಲಿಷಿನಲ್ಲಿ ಕಲಿತಿಟ್ಟುಕೊಳ್ಳಿ. ಮೊಬೈಲಿನಿಂದ ಇಲ್ಲಿನ ತುರ್ತು ನಂಬರ್ 999ಕ್ಕೆ ಮಾಡಿ ಮಾತಾಡಲು ಆಗದಿದ್ದರೆ, ಕೇಳಿದಾಗ 55 ಒತ್ತಿದರೆ ಪೊಲೀಸರಿಗೆ ಹೋಗುತ್ತದೆ. 0808 2000 247 ಹಗಲು ರಾತ್ರಿ ಸಿಗುವ ಉಚಿತ ಸಹಾಯವಾಣಿ. ಗಂಡ ಬ್ರಿಟಿಷ್ ಪ್ರಜೆಯೋ ಕಾಯಂ ನೆಲೆಸಿದವನೋ ಆಗಿದ್ದರೆ, ಅವನ ದೌರ್ಜನ್ಯದಿಂದ ಮದುವೆ ಮುರಿದವಳಿಗೆ ಇಲ್ಲೇ ಉಳಿಯಲು ದಾರಿ ಇದೆ. ಕೆಲಸದ ವೀಸಾ, ವಿದ್ಯಾರ್ಥಿ ವೀಸಾದವರ ಹೆಂಡತಿಯರಿಗೂ 2024ರ ಫೆಬ್ರವರಿಯಿಂದ ಮೂರು ತಿಂಗಳ ರಕ್ಷಣೆ ಮತ್ತು ಸರ್ಕಾರದ ನೆರವು ಸಿಗುತ್ತದೆ. ಮೂರೇ ತಿಂಗಳು. ಅದು ಸಾಲದು, ಬಹಳ ಕಡಿಮೆ. ಅರ್ಜಿ ಹಾಕಿದರೆ ಈಗಿರುವ ವೀಸಾ ಹೋಗುತ್ತದೆ, ಹಾಗಾಗಿ ವಲಸೆ ಕಾನೂನು ಗೊತ್ತಿರುವವರನ್ನು ಕೇಳದೆ ಹಾಕಬೇಡಿ. ಊರಿನಲ್ಲಿರುವವರಿಗೆ 181 ಇದೆ, ಮಹಿಳಾ ಸಹಾಯವಾಣಿ.

ಇನ್ನೊಂದು ಸಣ್ಣ ವಿಷಯ, ಯಾರೂ ಗಮನಿಸುವುದಿಲ್ಲ. ಜಿಪಿಯಲ್ಲಿ ನಿಮ್ಮ ಹೆಸರಿನ ಮುಂದೆ ಯಾರ ಮೊಬೈಲ್ ನಂಬರ್ ಇದೆ? ಬಂದ ಹೊಸದರಲ್ಲಿ ಗಂಡನೇ ಫಾರಂ ತುಂಬಿರುತ್ತಾನೆ, ತನ್ನ ನಂಬರ್, ತನ್ನ ಇಮೇಲ್. ಆಮೇಲೆ ಎಲ್ಲ ಮೆಸೇಜೂ ಅವನಿಗೇ. ಯಾವತ್ತು ಅಪಾಯಿಂಟ್‌ಮೆಂಟ್, ಯಾವ ಡಾಕ್ಟರು, ರಿಪೋರ್ಟ್ ಏನು. ಅವಳು ಹೇಳಿಕೊಂಡ ಮಾತು ಅವನ ಫೋನಿಗೆ ಮೆಸೇಜಾಗಿ ಬಂದರೆ ಅವತ್ತು ರಾತ್ರಿ ಏನಾಗಬಹುದು ಯೋಚಿಸಿ.

ಆ ತಪಾಸಣೆಯ ದಿನ, ಇಪ್ಪತ್ತು ನಿಮಿಷ ಮಾತಾಡಿದವಳು, ಎದ್ದು ಹೋಗುವ ಮೊದಲು ನರ್ಸ್ ಅವಳನ್ನು ಕೇಳಿದ್ದು ಅದನ್ನೇ. ಯಾವ ನಂಬರಿಗೆ ಕರೆ ಮಾಡಲಿ, ಯಾವ ಹೊತ್ತಿನಲ್ಲಿ ಮಾಡಿದರೆ ನಿಮಗೆ ತೊಂದರೆ ಇಲ್ಲ ಅಂತ. ಅವಳಿಗೆ ತನ್ನ ನಂಬರ್ ಬಾಯಿಗೆ ಬರುತ್ತಿರಲಿಲ್ಲ. ಯಾರಿಗೂ ಕೊಟ್ಟವಳೇ ಅಲ್ಲ. ಕೈಚೀಲದಿಂದ ಫೋನ್ ತೆಗೆದು, ಸೆಟ್ಟಿಂಗ್‌ನಲ್ಲಿ ಹುಡುಕಿ, ಒಂದೊಂದೇ ಅಂಕೆ ಓದಿದಳು. ಸೊನ್ನೆ, ಏಳು, ಐದು. ನಾನು ಇಂಗ್ಲಿಷಿನಲ್ಲಿ ಹೇಳಿದೆ, ನರ್ಸ್ ಟೈಪ್ ಮಾಡಿದರು. ಮಂಗಳವಾರ, ಗುರುವಾರ ಹತ್ತು ಗಂಟೆಯ ಮೇಲೆ, ಅಂದಳು. ನರ್ಸ್ ಪರದೆಯನ್ನು ಅವಳ ಕಡೆ ತಿರುಗಿಸಿ ತೋರಿಸಿದರು. ಅವಳು ಬಗ್ಗಿ, ಬೆರಳಿಟ್ಟು, ಅಷ್ಟೂ ಅಂಕೆಯನ್ನು ತಾನೇ ಇನ್ನೊಮ್ಮೆ ಓದಿ ಸರಿ ನೋಡಿದಳು.